ಯಂತ್ರದ ಮೂಲಕ

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಕೇಳುವುದು ವಾಸನೆಯ ವಿಷಯ. ಅಭ್ಯಾಸವಾಗುತ್ತಾ ಮೇಡಂ ಅನ್ನುತ್ತಾರೆ. ಆಗುತ್ತದೆ, ಮೂರು ವಾರ ಸಾಕು. ಅಭ್ಯಾಸವಾಗದೆ ಉಳಿಯುವುದು ಟೆಲಿಫೋನು. ಒಳಚರಂಡಿ ವಿಭಾಗಕ್ಕೆ ಒಳ್ಳೆಯ ಸುದ್ದಿ ಹೇಳಲು ಯಾರೂ ಫೋನ್ ಮಾಡುವುದಿಲ್ಲ. ಇಪ್ಪತ್ತಾರು ವರ್ಷ ಆ ಮೇಜಿನ ಹಿಂದೆ ಕೂತಿದ್ದೆ, ಒಬ್ಬರಾದರೂ ‘ಇವತ್ತು ನಮ್ಮ ಬಚ್ಚಲ ನೀರು ಸಲೀಸಾಗಿ ಹೋಯಿತು’ ಎಂದು ಕರೆ ಮಾಡಲಿಲ್ಲ.

ಹೋದ ವರ್ಷ ನಿವೃತ್ತಳಾದೆ. ನನ್ನ ಜಾಗಕ್ಕೆ ಬಂದಿರುವ ಹೆಣ್ಣುಮಗಳು ಆಗಾಗ ಮನೆಗೆ ಬಂದು ಅದು ಹೇಗೆ, ಇದು ಹೇಗೆ ಎಂದು ಕೇಳುತ್ತಾಳೆ. ಇದನ್ನೆಲ್ಲ ಬರೆದಿಡಬಾರದಾ ಎಂದು ಒಂದು ದಿನ ಅಂದಳು. ಬರೆಯುವುದರಲ್ಲಿ ನನಗೆ ಎಂಥ ಅನುಭವವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ.

ಊರಿನ ಹೆಸರು ಬರೆಯುವುದಿಲ್ಲ. ದೊಡ್ಡಬಳ್ಳಾಪುರದ ಅಂಗಡಿಗಳಿಗೆ ಸೀರೆ ನೇಯ್ದು ಕಳಿಸುವ, ಅದಕ್ಕಿಂತ ಚಿಕ್ಕದಾದ ಒಂದು ಊರು. ಅಲ್ಲಿನ ಪುರಸಭೆಯಲ್ಲಿ ನನ್ನ ಯಜಮಾನರು ನೀರು ಬಿಡುವ ಕೆಲಸದಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಗುಮಾಸ್ತೆಯ ಕೆಲಸ ಸಿಕ್ಕಿತು. ಅನುಕಂಪ ಆದೇಶದ ಹಾಳೆಯಲ್ಲಿ ಮಾತ್ರ ಇತ್ತು. ಕಚೇರಿಗೆ ಹೋದ ಮೊದಲ ದಿನವೇ ಯಾರಿಗೂ ಬೇಡದ ಮೇಜನ್ನು ತೋರಿಸಿದರು. ಒಳಚರಂಡಿಯ ದೂರು, ಹೊಸ ಸಂಪರ್ಕದ ಅರ್ಜಿ, ಕೆಲಸಗಾರರ ದಿನದ ಹಂಚಿಕೆ, ಶುಚಿ ಮಾಡುವ ವಾಹನ, ಇಷ್ಟರ ಉಸ್ತುವಾರಿ. ಹೆಂಗಸನ್ನು ಹಾಕಿದರೆ ಎರಡು ತಿಂಗಳಲ್ಲಿ ಅಳುತ್ತಾ ವರ್ಗ ಕೇಳುತ್ತಾಳೆ, ಆಗ ಮೇಜು ಖಾಲಿಯಾಗುತ್ತದೆ ಎಂದು ಲೆಕ್ಕ ಹಾಕಿದ್ದರಂತೆ. ಅತ್ತದ್ದು ನಿಜ. ವರ್ಗ ಕೇಳಬಹುದು ಎಂದು ಯಾರೂ ಹೇಳಿಕೊಡಲಿಲ್ಲ.

ನಮ್ಮದು ಕುಂದಾಣದ ಕಡೆ ರಾಗಿ ಬೆಳೆಯುವ ಮನೆ. ಮದುವೆ ಮುಂಜಿಯಲ್ಲಿ ನೆಂಟರು ನನ್ನನ್ನು ‘ಪುರಸಭೆಲಿ ಆಫೀಸರು’ ಎಂದು ಪರಿಚಯಿಸುತ್ತಿದ್ದರು. ಯಾವ ವಿಭಾಗ ಎಂದು ಎದುರಿನವರು ಕೇಳುವಷ್ಟರಲ್ಲಿ ಊಟಕ್ಕೆ ಎಬ್ಬಿಸುತ್ತಿದ್ದರು. ಬಡ್ತಿಯ ವಿಷಯ ಬರೆಯುವುದಿಲ್ಲ. ಎರಡು ಸಿಕ್ಕವು, ಎರಡು ಸಲವೂ ಕುರ್ಚಿ ಅದೇ.

ಮೊದಲು ನಕ್ಷೆಯ ಮಾತು ಹೇಳುತ್ತೇನೆ, ಯಾಕೆಂದರೆ ನಿಮಗೂ ಒಂದು ನಕ್ಷೆ ಕೊಡುತ್ತಾರೆ. ನಮ್ಮ ಕಚೇರಿಯ ನಕ್ಷೆ ನೋಡಲು ಅಂದವಾಗಿತ್ತು. ಊರಿನ ಕೆಳಗೆ ಕೊಳವೆಗಳು ಎಲ್ಲೆಲ್ಲಿ ಹೋಗಬೇಕಿತ್ತು ಎಂಬುದನ್ನು ಅದು ತೋರಿಸುತ್ತಿತ್ತು. ಎಲ್ಲಿ ಹೋಗಿವೆ ಎಂಬುದು ಬೇರೆ ವಿಷಯ. ಅಗೆಯುವಾಗ ಬಂಡೆ ಸಿಕ್ಕಲ್ಲಿ ಕೊಳವೆ ಬಾಗಿತ್ತು, ದೊಡ್ಡವರ ಸೈಟು ಸಿಕ್ಕಲ್ಲಿ ಇನ್ನೂ ಹೆಚ್ಚು ಬಾಗಿತ್ತು. ಕೊಳವೆಗೆ ಇಳಿಯುವ ಗುಂಡಿಗಳನ್ನು ನಾವು ಚೇಂಬರ್ ಅನ್ನುತ್ತೇವೆ. ರಸ್ತೆಗೆ ಟಾರು ಹಾಕಿದಾಗಲೆಲ್ಲ ನಾಲ್ಕಾರು ಚೇಂಬರ್ ಮುಚ್ಚಿಹೋಗುತ್ತಿದ್ದವು. ಟಾರು ಹಾಕುವವರದು ಬೇರೆ ವಿಭಾಗ. ಅವರಿಗೆ ರಸ್ತೆ ಸಪಾಟಾಗಿರಬೇಕು, ನಮಗೆ ಗುಂಡಿ ಬೇಕು. ಇಬ್ಬರೂ ಒಂದೇ ಮಹಡಿಯಲ್ಲಿ ಕೂರುತ್ತಿದ್ದೆವು.

ಕೊಳವೆ ನಿಜಕ್ಕೂ ಎಲ್ಲಿ ಹೋಗುತ್ತದೆ ಎಂದು ಕಂಡುಹಿಡಿಯುವ ದಾರಿಯನ್ನು ಹೇಳಿಕೊಟ್ಟವನು ಆಂಜಿನಪ್ಪ. ಅವನು ಗುತ್ತಿಗೆಯ ಕೆಲಸಗಾರ, ಕೆರೆ ಕೋಡಿಯ ಆಚೆಯ ಕಾಲೋನಿಯವನು. ಮನೆಯಲ್ಲಿ ತೆಲುಗು, ನಮ್ಮ ಹತ್ತಿರ ಕನ್ನಡ, ಮುಚ್ಚಳ ಅಲ್ಲಾಡದಿದ್ದಾಗ ಎರಡೂ. ನನಗಿಂತ ಐದಾರು ವರ್ಷಕ್ಕೆ ದೊಡ್ಡವನು, ಆದರೂ ನಾನು ಏಕವಚನದಲ್ಲೇ ಕರೆಯುತ್ತಿದ್ದೆ. ಈ ಬರಹದಲ್ಲಾದರೂ ಬಹುವಚನ ಇರಲಿ ಎಂದು ಮೊದಲು ಹಾಗೇ ಬರೆದಿದ್ದೆ. ಓದಿ ನೋಡಿದರೆ ಸುಳ್ಳು ಅನ್ನಿಸಿತು, ತಿದ್ದಿದೆ.

ನೇಕಾರರ ಊರಾದ್ದರಿಂದ ನೂಲಿಗೆ ಬಣ್ಣ ಹಾಕುವ ಮನೆಗಳಿದ್ದವು. ಬಣ್ಣದ ತೊಟ್ಟಿಯನ್ನು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಚರಂಡಿಗೆ ಬಿಡುತ್ತಿದ್ದರು. ಬಿಡಬಾರದು ಎಂದು ವರ್ಷಕ್ಕೊಂದು ನೋಟಿಸು ಕೊಡುತ್ತಿದ್ದವಳು ನಾನೇ. ಆಂಜಿನಪ್ಪ ಹೇಳಿದ್ದು ಇಷ್ಟು: ಇವತ್ತು ಯಾವ ಬಣ್ಣ ಎಂದು ಕೇಳಿಕೊಂಡು, ಒಂದೊಂದು ಚೇಂಬರ್ ಹತ್ತಿರ ಒಬ್ಬೊಬ್ಬರು ಮುಚ್ಚಳ ತೆಗೆದು ನಿಂತರೆ, ಬಣ್ಣ ಬಂದ ಕಡೆ ಕೊಳವೆ ಇದೆ ಎಂದರ್ಥ. ಹಾಗೆ ಮಾಡಿದೆವು. ನೋಟಿಸು ಕೊಟ್ಟ ಮನೆಗೇ ಹೋಗಿ, ನಾಳೆ ಸ್ವಲ್ಪ ಗಾಢವಾಗಿ ಬಿಡಿ ಎಂದು ಕೇಳಿಕೊಂಡೆ. ಅವರು ನನ್ನ ಮುಖವನ್ನೂ ಗೋಡೆಗೆ ಅಂಟಿಸಿದ್ದ ನನ್ನ ನೋಟಿಸನ್ನೂ ಒಮ್ಮೆ ನೋಡಿ, ಕೆಂಪಾಗಬಹುದಾ ಅಂದರು.

ಕೆಂಪು ನಾವು ಕಾದ ಆರು ಚೇಂಬರಿನಲ್ಲಿ ಒಂದರಲ್ಲೂ ಬರಲಿಲ್ಲ. ಪುರಸಭೆಯ ಒಬ್ಬ ಸದಸ್ಯರ ಮನೆಯ ಬಚ್ಚಲಿನಲ್ಲಿ ಬಂತು. ಅವತ್ತು ಅವರ ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯ ಹಿರಿಯರೊಬ್ಬರು ಕೈ ತೊಳೆಯಲು ಹೋದವರು ಹಿಂದಕ್ಕೆ ಬಂದು, ಬಚ್ಚಲಲ್ಲಿ ರಕ್ತ ಅಂದರಂತೆ. ನಾವು ಹೋಗುವ ಮೊದಲೇ ಪೊಲೀಸಿನವರು ಬಂದಿದ್ದರು. ಆಂಜಿನಪ್ಪ ಬೆರಳು ಅದ್ದಿ, ಕರವಸ್ತ್ರಕ್ಕೆ ಒರೆಸಿ, ಇದು ಒಗೆದರೂ ಹೋಗದ ಪಕ್ಕಾ ಬಣ್ಣ ಎಂದು ಸಭೆಗೆ ವಿವರಿಸಿದ. ಮದುವೆ ನಡೆಯಿತು. ನಾನು ನಕ್ಷೆಯಲ್ಲಿ ಆ ಗೆರೆಯನ್ನು ಪೆನ್ಸಿಲಿನಿಂದ ಸದಸ್ಯರ ಮನೆಯ ಕೆಳಕ್ಕೆ ತಂದೆ. ಎರಡು ವರ್ಷದಲ್ಲಿ ಊರಿನ ಅರ್ಧ ಭಾಗ ಹಾಗೆ ಸರಿಹೋಯಿತು. ನಮ್ಮ ನಕ್ಷೆ ಚೆನ್ನಾಗಿದೆ ಎಂದು ಪಕ್ಕದ ತಾಲ್ಲೂಕಿನವರು ನೋಡಲು ಬಂದರು, ಹೇಗೆ ಮಾಡಿದಿರಿ ಎಂದು ಕೇಳಿದರು. ಸಮೀಕ್ಷೆ ಎಂದೆವು.

ಮೇಲಧಿಕಾರಿಗಳು ಬಂದು ಹೋಗುತ್ತಿದ್ದರು. ಒಬ್ಬ ಯುವ ಮುಖ್ಯಾಧಿಕಾರಿಗಳು ಪ್ರತಿ ಚರಂಡಿಗೂ ಕೆಲಸಕ್ಕೆ ಮುಂಚಿನ ಫೋಟೋ, ಆಮೇಲಿನ ಫೋಟೋ ವಾಟ್ಸಾಪಿನಲ್ಲಿ ಹಾಕಬೇಕು ಎಂದು ಆಜ್ಞೆ ಮಾಡಿದರು. ಮೊದಲ ವಾರವೇ ಎಲ್ಲ ವಾರ್ಡೂ ಲಕಲಕ. ಎರಡನೆಯ ವಾರ ಅವರು ನನ್ನನ್ನು ಕರೆದು, ನಾಲ್ಕು ವಾರ್ಡಿನ ಆಮೇಲಿನ ಫೋಟೋದಲ್ಲೂ ಒಂದೇ ಕಂದು ನಾಯಿ ಮಲಗಿರುವುದು ಹೇಗೆ ಎಂದು ಕೇಳಿದರು. ನಮ್ಮವರು ಶುಚಿಯಾಗಿದ್ದ ಒಂದೇ ಚರಂಡಿಯನ್ನು ನಾಲ್ಕು ಕಡೆಯಿಂದ ತೆಗೆದಿದ್ದರು. ನಾಯಿಯನ್ನು ಎಬ್ಬಿಸುವ ತೊಂದರೆ ತೆಗೆದುಕೊಂಡಿರಲಿಲ್ಲ. ಲಿಖಿತ ವಿವರಣೆ ಕೇಳಿದರು. ‘ಸದರಿ ನಾಯಿಯು ಯಾವ ವಾರ್ಡಿಗೂ ಸೇರಿರುವುದಿಲ್ಲ’ ಎಂದು ಬರೆದು ಕಳಿಸಿದೆ. ಕಡತ ಮುಕ್ತಾಯವಾಯಿತು.

ಇಲ್ಲಿಯವರೆಗೆ ನಗು ಬರುವ ಮಾತು. ಇನ್ನು ನನ್ನ ತಪ್ಪಿನ ಮಾತು.

ಚೇಂಬರ್ ಕಟ್ಟಿಕೊಂಡರೆ ಬಿದಿರಿನ ದಬ್ಬೆ ತೂರಿಸಿ ನೋಡುತ್ತಿದ್ದೆವು. ಹೋಗದಿದ್ದರೆ ಆಂಜಿನಪ್ಪ ಇಳಿಯುತ್ತಿದ್ದ. ಮುಚ್ಚಳ ತೆಗೆದು ಒಂದು ಬೀಡಿ ಸೇದುವಷ್ಟು ಹೊತ್ತು ಕಾಯುತ್ತಿದ್ದ, ದೂರದಲ್ಲಿ ಕೂತು. ಆಮೇಲೆ ಬಗ್ಗಿ ಗೋಡೆಯ ಮೇಲೆ ಜಿರಳೆ ಓಡಾಡುತ್ತಿವೆಯಾ ನೋಡುತ್ತಿದ್ದ. ಓಡಾಡಿದರೆ ಇಳಿಯಬಹುದು. ಜಿರಳೆ ಸತ್ತು ಬಿದ್ದಿದ್ದರೆ, ಅಥವಾ ಒಂದೂ ಕಾಣದಿದ್ದರೆ, ಮುಚ್ಚಳ ತೆಗೆದೇ ಬಿಟ್ಟು ಮಾರನೆಯ ದಿನ ಬರುತ್ತಿದ್ದ. ನಮ್ಮ ಪುರಸಭೆಯ ಸುರಕ್ಷತಾ ವ್ಯವಸ್ಥೆ ಇದು. ಅಂಗಿ ಬಿಚ್ಚಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದ. ಹಗ್ಗದ ಇನ್ನೊಂದು ತುದಿಯನ್ನು ಇಬ್ಬರು ಹಿಡಿಯುತ್ತಿದ್ದರು. ನಾನು ಮೂಗಿಗೆ ಸೆರಗು ಹಿಡಿದು, ಹತ್ತು ಹೆಜ್ಜೆ ದೂರದಲ್ಲಿ ನಿಂತು, ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಅವನು ಮೇಲೆ ಬಂದ ಮೇಲೆ ಒಂದು ಸೋಪು ಕೊಡುತ್ತಿದ್ದೆ. ಒಳ್ಳೆಯ ಸೋಪೇ ಕೊಡುತ್ತೇನೆ ಎಂದು ನನಗೆ ಹೆಮ್ಮೆ ಇತ್ತು.

ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ. ಕೆಸರು ಅವನ ಕೈಗೆ, ಮೊಸರನ್ನ ನನ್ನ ಡಬ್ಬಿಯಲ್ಲಿ. ಕಚೇರಿಯ ಟೀ ಬಂದಾಗ ಅವನ ಲೋಟ ಕಿಟಕಿಯ ಹೊರಗೆ ಇರುತ್ತಿತ್ತು. ನಮ್ಮ ಜನರಲ್ಲಿ ಯಾರೂ ಎಂದೂ ಚೇಂಬರಿಗೆ ಇಳಿದವರಲ್ಲ, ಇಳಿಯಬಹುದು ಎಂದು ಯಾರಿಗೂ ಹೊಳೆದದ್ದೂ ಇಲ್ಲ. ಇದು ವಿಚಿತ್ರ ಎಂದು ನನಗೆ ಅನ್ನಿಸಿದ್ದು ನಿವೃತ್ತಿ ಹತ್ತಿರ ಬಂದಾಗ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಮನುಷ್ಯರನ್ನು ಚೇಂಬರಿಗೆ ಇಳಿಸಬಾರದು, ಇಳಿಸಿದರೆ ಶಿಕ್ಷೆ ಎಂದು ಕಾನೂನು ಬಂತು. ಒಳ್ಳೆಯ ಕಾನೂನು. ಆಗ ನಮಗಿದ್ದ ಇಂಜಿನಿಯರ್ ಶಿವರುದ್ರಯ್ಯನವರು. ಯಾರಿಗೂ ಕೆಟ್ಟದ್ದು ಬಯಸದ, ಎಲ್ಲದಕ್ಕೂ ಹೆದರುವ ಮನುಷ್ಯ. ಸುತ್ತೋಲೆಯನ್ನು ಎರಡು ಸಲ ಓದಿ, ನನ್ನ ರಿಜಿಸ್ಟರು ತರಿಸಿದರು. ಅದರ ಏಳನೆಯ ಕಾಲಮ್ಮು ‘ಸ್ವಚ್ಛಗೊಳಿಸಿದ ವಿಧಾನ’. ಅಲ್ಲಿಯವರೆಗೆ ನಾನು ‘ಆಳುಗಳ ಮೂಲಕ’ ಎಂದು ಬರೆಯುತ್ತಿದ್ದೆ. ಆಳಿನ ಹೆಸರಿಗೆ ಜಾಗ ಇರಲಿಲ್ಲ.

“ಇನ್ಮೇಲೆ ಯಂತ್ರದ ಮೂಲಕ ಅಂತ ಬರೀರಿ” ಎಂದರು.

ಯಂತ್ರ ಇನ್ನೂ ಬಂದಿಲ್ಲವಲ್ಲ ಸಾರ್ ಎಂದೆ.

“ಬರುತ್ತೆ ಕಣಮ್ಮ. ಬರ್ದಿದ್ದೇ ಆಗಿದ್ದು.”

ಎಂಟು ತಿಂಗಳ ಮೇಲೆ ಯಂತ್ರ ಬಂತು. ನೀರನ್ನು ರಭಸದಿಂದ ಚಿಮ್ಮಿಸಿ ಕೊಳವೆ ಬಿಡಿಸುವ ದೊಡ್ಡ ಲಾರಿ. ಪೂಜೆ ಮಾಡಿ ಕುಂಬಳಕಾಯಿ ಒಡೆದೆವು. ಆಮೇಲೆ ನೋಡಿದರೆ ಮಗ್ಗದ ಗಲ್ಲಿಗಳು ಲಾರಿಗಿಂತ ಕಿರಿದು. ಊರಿನ ಕಟ್ಟಿಕೊಳ್ಳುವ ಚೇಂಬರೆಲ್ಲ ಆ ಗಲ್ಲಿಗಳಲ್ಲೇ ಇದ್ದವು. ಜೊತೆಗೆ ಯಂತ್ರ ಪದೇ ಪದೇ ಕೆಡುತ್ತಿತ್ತು, ರಿಪೇರಿಗೆ ಬೆಂಗಳೂರಿಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ದೂರು ನಿಲ್ಲುವುದಿಲ್ಲವಲ್ಲ. ಆಂಜಿನಪ್ಪ ಇಳಿಯುತ್ತಿದ್ದ, ನಾನು ‘ಯಂತ್ರದ ಮೂಲಕ’ ಎಂದು ಬರೆಯುತ್ತಿದ್ದೆ. ದಿನಕ್ಕೆ ನಾಲ್ಕೈದು ಸಲ ಅದೇ ಎರಡು ಪದ ಬರೆದು ಬೆರಳು ನೋಯುತ್ತಿತ್ತು. ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಒಂದು ರಬ್ಬರ್ ಸೀಲು ಮಾಡಿಸಿದೆ. ನನ್ನ ಸರ್ವಿಸಿನಲ್ಲಿ ನಾನಾಗಿ ಕಂಡುಹಿಡಿದದ್ದು ಅದೊಂದೇ. ಶಿವರುದ್ರಯ್ಯನವರು ನೋಡಿ ಸಂತೋಷಪಟ್ಟರು, ಅಕ್ಷರ ದುಂಡಗಿದೆ ಎಂದರು. ಅವರು ನಿವೃತ್ತರಾದರು, ತೀರಿಕೊಂಡರು. ಸೀಲು ಉಳಿಯಿತು.

ನನ್ನ ನಿವೃತ್ತಿಗೆ ಎರಡು ವರ್ಷ ಇರುವಾಗ ಸರ್ಕಾರದ ಸಮೀಕ್ಷೆ ಬಂತು. ಚೇಂಬರಿಗೆ ಇಳಿದು ಕೆಲಸ ಮಾಡಿದವರನ್ನು ಗುರುತಿಸಿ ಕಾರ್ಡು ಕೊಡುತ್ತಾರೆ, ಕಾರ್ಡು ಇದ್ದವರಿಗೆ ಬೇರೆ ಕೆಲಸ ಕೊಡಬೇಕು ಎಂದು. ಆಂಜಿನಪ್ಪ ತನ್ನ ಮಗಳು ಪುಷ್ಪಾಳನ್ನು ಕರೆದುಕೊಂಡು ನನ್ನ ಮೇಜಿಗೆ ಬಂದ. ಆ ಹೊತ್ತಿಗೆ ಅವನ ಕೆಮ್ಮು ಮೆಟ್ಟಿಲಲ್ಲೇ ಗೊತ್ತಾಗುತ್ತಿತ್ತು. ಇನ್ನೊಂದು ಸಲ ಗ್ಯಾಸಿನ ಗುಂಡಿಗೆ ಇಳಿದರೆ ನಮ್ಮ ಹತ್ತಿರ ಬರಬೇಡ ಎಂದು ಡಾಕ್ಟರು ಹೇಳಿದ್ದರು. ಇಳಿಯದಿದ್ದರೆ ಕೆಲಸಕ್ಕೇ ಬರಬೇಡ ಎಂದು ಗುತ್ತಿಗೆದಾರ ಹೇಳಿದ್ದ. ಅತ್ತ ದರಿ, ಇತ್ತ ಪುಲಿ. ಕಾರ್ಡು ಸಿಕ್ಕರೆ ಪುರಸಭೆಯ ಪಾರ್ಕಿಗೆ ನೀರು ಹಾಯಿಸುವ ಕೆಲಸ ಕೇಳುವುದು ಅವನ ಆಸೆ. ಪುಷ್ಪಾ ನರ್ಸಿಂಗ್ ಓದುತ್ತಿದ್ದಳು, ಫಾರಂ ಎಲ್ಲ ತುಂಬಿ ತಂದಿದ್ದಳು. ಸ್ಥಳೀಯ ಸಂಸ್ಥೆಯ ದಾಖಲೆ ಎಂಬ ಒಂದು ಜಾಗ ಮಾತ್ರ ಖಾಲಿ.

ಅದಕ್ಕೇನು, ಈಗಲೇ ಕೊಡುತ್ತೇನೆ ಎಂದು ರಿಜಿಸ್ಟರುಗಳನ್ನು ತೆಗೆಸಿದೆ. ಹತ್ತು ವರ್ಷದ ಪುಟಗಳನ್ನು ತಿರುವಿದೆ. ಎಲ್ಲ ಕಡೆ ನನ್ನ ಸೀಲು, ನೇರಳೆ ಬಣ್ಣದಲ್ಲಿ, ಸಾಲಾಗಿ. ಅದಕ್ಕೂ ಹಿಂದಿನ ರಿಜಿಸ್ಟರುಗಳನ್ನು ಅವಧಿ ಮುಗಿಯಿತೆಂದು ಸುಟ್ಟಿದ್ದೆವು. ಹಾಜರಿ ಗುತ್ತಿಗೆದಾರರ ಹತ್ತಿರ ಇರುತ್ತಿತ್ತು, ಗುತ್ತಿಗೆದಾರರು ವರ್ಷಕ್ಕೊಬ್ಬರು. ಸಿಕ್ಕ ಒಂದೆರಡು ಹಾಳೆಯಲ್ಲಿ ಅವನನ್ನು ಕಸ ತುಂಬುವವನು ಎಂದು ಬರೆದಿದ್ದರು.

ಆಂಜಿನಪ್ಪನಿಗೆ ಓದಲು ಬಾರದು. ನಾನು ಪುಟ ತಿರುವುವುದನ್ನೇ ನೋಡುತ್ತಿದ್ದವನು ಕೊನೆಗೆ ಕೇಳಿದ.

“ಇಪ್ಪತ್ತೆರಡು ವರ್ಷ ಇಳ್ದಿದೀನಿ ಮೇಡಮ್ಮೋರೆ. ಎಲ್ಲಾದ್ರೂ ಒಂದ್ ಕಡೆ ಬರ್ದಿದೀರಾ?”

ಪುಷ್ಪಾಳಿಗೆ ಓದಲು ಬರುತ್ತಿತ್ತು. ಅವಳು ರಿಜಿಸ್ಟರನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಹುಡುಕಿ ಹೇಳುತ್ತೇನೆ ಎಂದೆ.

ಮುಖ್ಯಾಧಿಕಾರಿಗಳ ಹತ್ತಿರ ಹೋದೆ. ಆಗ ಇದ್ದವರು ಫೋಟೋದವರಲ್ಲ, ಅವರ ನಂತರದವರು. ನಮ್ಮ ಊರಿನಲ್ಲಿ ಅಂಥ ಕೆಲಸಗಾರರು ಒಬ್ಬರೂ ಇಲ್ಲ ಎಂದು ಈಗಾಗಲೇ ಬರೆದು ಕಳಿಸಿಯಾಗಿದೆ ಎಂದರು. ಯಾವ ಆಧಾರದ ಮೇಲೆ ಎಂದು ಕೇಳಿದೆ. ನಿಮ್ಮ ರಿಜಿಸ್ಟರೇ ಎಂದರು.

ಹಾಗೆ ಬಿಟ್ಟಿದ್ದರೆ ಈ ಬರಹ ಇಲ್ಲಿಗೆ ಮುಗಿಯುತ್ತಿತ್ತು. ನಾನು ಧೈರ್ಯವಂತೆಯೇನಲ್ಲ. ಆದರೆ ಗುಮಾಸ್ತೆ, ಪುಸ್ತಕಗಳ ಜಾಡು ಗೊತ್ತು. ವಾಹನಗಳಿಗೆ ಬೇರೆ ಲಾಗ್ ಬುಕ್ ಇರುತ್ತದೆ, ಅದನ್ನು ಚಾಲಕ ಬರೆಯುತ್ತಾನೆ. ನಮ್ಮ ಯಂತ್ರದ ಚಾಲಕ ಸುಳ್ಳು ಬರೆಯುವಷ್ಟು ಚುರುಕಿನವನಲ್ಲ. ಲಾರಿ ಕೆಟ್ಟು ಬೆಂಗಳೂರಿನ ಷೆಡ್ಡಿನಲ್ಲಿ ನಿಂತ ಒಂದೊಂದು ದಿನವನ್ನೂ ‘ವಾಹನ ರಿಪೇರಿಯಲ್ಲಿ’ ಎಂದು ಬರೆದಿದ್ದ. ಅವನ ಪುಸ್ತಕವನ್ನೂ ನನ್ನ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟೆ. ಯಂತ್ರ ಬೆಂಗಳೂರಿನಲ್ಲಿ ನಿಂತಿದ್ದ ದಿನ ನಮ್ಮ ಊರಿನ ನಾಲ್ಕು ಚೇಂಬರನ್ನು ಯಂತ್ರದ ಮೂಲಕ ಶುಚಿ ಮಾಡಲಾಗಿತ್ತು. ಮಾರನೆಯ ದಿನವೂ. ಆ ವಾರವೆಲ್ಲ. ಅಂಥ ದಿನಗಳನ್ನು ಪಟ್ಟಿ ಮಾಡಿದರೆ ನೂರಾ ಮೂವತ್ತೇಳು ಬಂದವು. ಈ ದಿನಗಳಲ್ಲಿ ಯಂತ್ರ ಇರಲಿಲ್ಲ, ಇಳಿದದ್ದು ಆಂಜಿನಪ್ಪ, ರಿಜಿಸ್ಟರಿನಲ್ಲಿ ತಪ್ಪು ಬರೆದದ್ದು ನಾನು ಎಂದು ಒಂದು ಟಿಪ್ಪಣಿ ಬರೆದು, ಪಟ್ಟಿ ಸೇರಿಸಿ, ಸಮೀಕ್ಷೆಯವರಿಗೂ ಮೇಲಿನ ಕಚೇರಿಗೂ ಕಳಿಸಿದೆ.

ಸಮೀಕ್ಷೆಯವರು ಉತ್ತರ ಕೊಡಲಿಲ್ಲ. ಮೇಲಿನ ಕಚೇರಿಯಿಂದ ಬಂತು. ನನ್ನ ಮೇಲೆ ಆರೋಪ ಪಟ್ಟಿ. ಸರ್ಕಾರಿ ದಾಖಲೆಯಲ್ಲಿ ಸುಳ್ಳು ನಮೂದು ಮಾಡಿದ್ದಕ್ಕೆ ವಿವರಣೆ ಕೊಡಿ ಎಂದು. ಒಬ್ಬ ಮನುಷ್ಯನನ್ನು ಅಷ್ಟು ವರ್ಷ ಇಳಿಸಿದ್ದಕ್ಕೆ ಯಾರ ಮೇಲೂ ಏನೂ ಆಗಲಿಲ್ಲ. ತಪ್ಪು ಬರೆದದ್ದಕ್ಕೆ ಆಯಿತು.

ನೌಕರರ ಸಂಘದ ಕಾರ್ಯದರ್ಶಿ ನನ್ನ ಮೇಲಿನ ಕಾಳಜಿಯಿಂದಲೇ ಬಂದು, ಪಾರಾಗುವ ದಾರಿ ಹೇಳಿದ. ಆ ದಿನಗಳಲ್ಲಿ ಚೇಂಬರ್ ಶುಚಿಯೇ ಆಗಿಲ್ಲ, ಕೆಲಸ ಆಗದಿದ್ದರೂ ಕಣ್ತಪ್ಪಿನಿಂದ ಸೀಲು ಬಿತ್ತು ಎಂದು ಬರೆದುಕೊಟ್ಟರೆ ಸಾಕು. ಕೆಲಸ ಮಾಡದೆ ಮಾಡಿದೆ ಎಂದು ಬರೆಯುವುದು ನಮ್ಮಲ್ಲಿ ಚಿಕ್ಕ ತಪ್ಪು, ಎಚ್ಚರಿಕೆ ಕೊಟ್ಟು ಬಿಡುತ್ತಾರೆ. ಮನುಷ್ಯನನ್ನು ಇಳಿಸಿ ಯಂತ್ರ ಎಂದು ಬರೆದೆ ಅಂದರೆ ಪಿಂಚಣಿಗೇ ಸಂಚಕಾರ.

“ನೀವ್ ಇಷ್ಟ್ ದಿನ ಬರ್ದಿದ್ದಕ್ಕಿಂತ ಇದೇನ್ ದೊಡ್ ಸುಳ್ಳಲ್ಲ ಮೇಡಂ” ಎಂದ. ಸರಿಯಾದ ಮಾತೇ.

ನಾನು ಆ ಉತ್ತರವನ್ನೇ ಬರೆದೆ. ದುಂಡಗೆ, ಕಾಟು ಹೊಡೆಯದೆ. ಸಹಿ ಒಂದು ಬಾಕಿ ಇಟ್ಟು ಎರಡು ದಿನ ಡ್ರಾಯರಿನಲ್ಲಿ ಇಟ್ಟುಕೊಂಡೆ. ನನಗೂ ಇಬ್ಬರು ಮಕ್ಕಳು, ಮನೆ ಸಾಲ ತೀರಿರಲಿಲ್ಲ, ಹೆದರಿಕೆ ಆಗುತ್ತಿತ್ತು. ಆರೋಪ ಪಟ್ಟಿಯ ಸುದ್ದಿ ಕೇಳಿ ಮೂರನೆಯ ದಿನ ಪುಷ್ಪಾ ಬಂದಳು, ಉತ್ತರ ಕೊಟ್ಟಿರಾ ಎಂದು ಕೇಳಲು. ಸಂಜೆ ಕೊಡುತ್ತೇನೆ ಎಂದೆ. ಅವಳು ಜಗಳ ಮಾಡಲಿಲ್ಲ, ಅಳಲಿಲ್ಲ. ಸಂಜೆವರೆಗೆ ಕೂತಿರುತ್ತೇನೆ ಎಂದು ಎದುರಿನ ಬೆಂಚಿನಲ್ಲಿ ಕೂತು ಪರೀಕ್ಷೆಗೆ ಓದಿಕೊಳ್ಳತೊಡಗಿದಳು. ಡ್ರಾಯರ್ ಎಳೆದು ಹಾಳೆ ತೆಗೆದೆ, ಪೆನ್ನು ತೆಗೆದೆ. ಅಷ್ಟು ವರ್ಷ ಅಷ್ಟು ಸಲ ಸುಳ್ಳಿಗೆ ಸಹಿ ಹಾಕಿದ್ದೆ, ಒಂದು ಸಲವೂ ಎದುರಿಗೆ ಯಾರೂ ಕೂತಿರಲಿಲ್ಲ. ಆಗಲಿಲ್ಲ. ಹಾಳೆ ಹರಿದು ಹಾಕಿ, ಆರೋಪ ಒಪ್ಪಿಕೊಂಡಿದ್ದೇನೆ ಎಂದು ಬೇರೆ ಬರೆದೆ.

ವಿಚಾರಣೆ ಬೆಂಗಳೂರಿನ ಒಂದು ಕಚೇರಿಯಲ್ಲಿ ಎರಡು ದಿನ ನಡೆಯಿತು. ವಿಚಾರಣಾಧಿಕಾರಿಗಳು ವಯಸ್ಸಾದವರು, ಇನ್ನೊಬ್ಬರ ಆತುರಕ್ಕೆ ಬೀಳದವರು. ನಾನು ಒಪ್ಪಿಕೊಂಡದ್ದೇ ಅವರಿಗೆ ಅನುಮಾನ ಹುಟ್ಟಿಸಿತು. ತಪ್ಪು ಒಪ್ಪಿಕೊಳ್ಳುವ ನೌಕರರನ್ನು ಅವರು ಹೆಚ್ಚು ನೋಡಿರಲಿಲ್ಲ. ಈ ಆಂಜಿನಪ್ಪನಿಂದ ನೀವು ಏನಾದರೂ ಪಡೆದಿದ್ದೀರಾ ಎಂದು ಕೇಳಿದರು. ಇಲ್ಲ, ಸೋಪು ಕೊಟ್ಟಿದ್ದೇನೆ ಎಂದೆ. ಅದನ್ನೂ ಬರೆದುಕೊಂಡರು. ಆಮೇಲೆ ಆಂಜಿನಪ್ಪನನ್ನು ಸಾಕ್ಷಿಯಾಗಿ ಕರೆಸಿದರು. ನೀನು ಇಳಿದಿದ್ದೀಯ ಎನ್ನುವುದಕ್ಕೆ ಈ ಅಮ್ಮ ಹೇಳುವುದನ್ನು ಬಿಟ್ಟರೆ ಏನು ಆಧಾರ ಎಂದು ಕೇಳಿದರು.

ಅವನು ಕೂತ ಕುರ್ಚಿಯಿಂದ ಎದ್ದು ನಿಂತ.

“ಬಣ್ಣದ್ಮನೆ ಗಲ್ಲಿ ಮೂರ್ನೇ ಚೇಂಬರ್‌ದು ಹೇಳ್ತೀನಿ ಸಾರ್. ಹನ್ನೊಂದ್ ಮೆಟ್ಲು. ಏಳ್ನೇದು ಇಲ್ಲ, ಕಿತ್ತೋಗದೆ, ಎಡಗಾಲ್ ತೂಗಾಕ್ಬೇಕು. ತಳದಾಗೆ ಬಲಕ್ಕೆ ಒಂದ್ ಸಣ್ಣ ಪೈಪ್ ಸೇರ್ತದೆ, ಅದು ಲೆಕ್ಕದಾಗಿಲ್ಲ, ಹೋಟ್ಲೋರು ಕಳ್ಳತನದಾಗೆ ಹಾಕ್ಕೊಂಡಿರೋದು. ಗೋಡೆ ಇಟ್ಟಿಗೆ ಮೇಲೆ ಒಂದ್ ಕೈ ಗುರ್ತದೆ, ಸಿಮೆಂಟ್ ಒಣಗೋ ಮುಂಚೆ ಯಾರೋ ಇಟ್ಟಿರೋದು. ಅಲ್ಲಿ ಕೈ ಇಟ್ಕೊಂಡೇ ನಾನ್ ಬಗ್ಗೋದು.”

ಹೀಗೆ ಹದಿನಾಲ್ಕು ಚೇಂಬರಿನ ಒಳಗನ್ನು ಹೇಳಿದ. ಬೆರಳಚ್ಚಿನವರಿಗೆ ಎರಡು ಸಲ ಕಾಗದ ಬದಲಿಸಬೇಕಾಯಿತು. ಮಾರನೆಯ ವಾರ ಅಧಿಕಾರಿಗಳು ಒಬ್ಬ ಇಂಜಿನಿಯರನ್ನು ಕಳಿಸಿ, ಕೋಲಿಗೆ ಕ್ಯಾಮೆರಾ ಕಟ್ಟಿ ಇಳಿಸಿ ನೋಡಿಸಿದರು. ಏಳನೆಯ ಮೆಟ್ಟಿಲು ಇರಲಿಲ್ಲ. ಹೋಟೆಲಿನ ಪೈಪು ಇತ್ತು. ಕೈ ಗುರುತೂ ಇತ್ತು.

ಆರು ತಿಂಗಳಿಗೆ ಆದೇಶ ಬಂತು. ನನ್ನ ಮೇಲಿನ ಆರೋಪ ಸಾಬೀತಾಗಿದೆ, ವೇತನ ಬಡ್ತಿ ತಡೆಹಿಡಿಯಲಾಗಿದೆ, ಪಿಂಚಣಿಗೆ ತೊಂದರೆ ಇಲ್ಲ. ಮುಖ್ಯವಾದದ್ದು ಅದರ ಜೊತೆಗಿದ್ದ ಅನುಬಂಧ. ಅದರಲ್ಲಿ ನೂರಾ ಮೂವತ್ತೇಳು ದಿನಾಂಕಗಳು, ಪ್ರತಿ ದಿನಾಂಕದ ಎದುರಿಗೆ ‘ಸದರಿ ದಿನ ಚೇಂಬರಿಗೆ ಇಳಿದು ಸ್ವಚ್ಛಗೊಳಿಸಿದವರು: ಆಂಜಿನಪ್ಪ’ ಎಂದು. ನನ್ನ ತಪ್ಪು ಸಾಬೀತಾದರೆ ಮಾತ್ರ ಅವನ ಕೆಲಸ ಸಾಬೀತಾಗುವಂತಿತ್ತು, ಎರಡೂ ಆಯಿತು. ಆ ಅನುಬಂಧದ ಪ್ರತಿಯನ್ನು ಪುಷ್ಪಾ ಫಾರಮ್ಮಿಗೆ ಲಗತ್ತಿಸಿದಳು. ಕಾರ್ಡು ಬಂತು. ಅಲೆದಾಡಿಸಿ ಅಲೆದಾಡಿಸಿ ಪಾರ್ಕಿನ ಕೆಲಸವೂ ಆಯಿತು, ದಿನಗೂಲಿಯ ಮೇಲೆ; ದಿನಗೂಲಿಗೆ ನಿವೃತ್ತಿಯ ವಯಸ್ಸಿಲ್ಲ.

ನಾನು ನಿವೃತ್ತಳಾದ ಮೇಲೆ ಒಂದು ಬೆಳಿಗ್ಗೆ ಆ ಪಾರ್ಕಿಗೆ ಹೋದೆ. ಆಂಜಿನಪ್ಪ ಬಿಚ್ಚಬೇಕಾಗಿಲ್ಲದ ಖಾಕಿ ಅಂಗಿ ಹಾಕಿಕೊಂಡು ದಾಸವಾಳದ ಸಾಲಿಗೆ ನೀರು ಹಿಡಿದಿದ್ದ. ಕೆಮ್ಮು ಪೂರ್ತಿ ಹೋಗಿರಲಿಲ್ಲ. ಕೂತುಕೊಳ್ಳಿ ಎಂದು ಬೆಂಚು ಒರೆಸಿದ. ನೀವೂ ಕೂತುಕೊಳ್ಳಿ ಎಂದೆ. ನನ್ನ ಬಾಯಲ್ಲಿ ಬಹುವಚನ ಕೇಳಿ ಒಂದು ಗಳಿಗೆ ಅನುಮಾನಿಸಿದ, ಆಮೇಲೆ ಬೆಂಚಿನ ಆ ತುದಿಗೆ ಕೂತ. ಮಗಳು ಆದೇಶವನ್ನು ಓದಿ ಹೇಳಿದ್ದಾಳೆ, ದಿನ ಎಣಿಸಲಿಲ್ಲ ಎಂದ. ಅವಳಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ ಎಂದ. ಆಮೇಲೆ ನಳಿಕೆಯ ನೀರನ್ನು ಇನ್ನೊಂದು ಗಿಡದ ಬುಡಕ್ಕೆ ತಿರುಗಿಸುತ್ತಾ, ಅದರಲ್ಲಿ ಒಟ್ಟು ಎಷ್ಟು ದಿನ ಬರೆದಿದ್ದಾರೆ ಎಂದು ಕೇಳಿದ.

ನೂರಾ ಮೂವತ್ತೇಳು ಎಂದೆ.

“ಇಪ್ಪತ್ತೆರಡು ವರ್ಷಕ್ಕಾ?”

ಹಳೆಯ ರಿಜಿಸ್ಟರುಗಳನ್ನು ಸುಟ್ಟಿದ್ದೇವೆ, ಮಿಕ್ಕ ದಿನ ಯಂತ್ರ ಕೆಟ್ಟಿರಲಿಲ್ಲ, ಓಡಿದೆ ಎಂದೇ ಲಾಗ್ ಬುಕ್ಕಿನಲ್ಲಿದೆ, ಅದಕ್ಕೆ ಸೇರಿಸಲು ಆಗಲಿಲ್ಲ ಎಂದೆ.

“ಓಡಿತ್ತು ಮೇಡಮ್ಮೋರೆ. ಮೇನ್ ರೋಡ್ ಗಂಟ ಓಡಿತ್ತು. ಅಲ್ಲಿಂದ ಒಳಕ್ಕೆ ನಾನೇ ಅಲ್ವಾ?”

ಕೋಪ ಮಾಡಿಕೊಂಡು ಹೇಳಲಿಲ್ಲ. ನನಗೇ ಗೊತ್ತಿರುವ ಒಂದು ವಿಷಯವನ್ನು ಜ್ಞಾಪಿಸುವ ಹಾಗೆ ಹೇಳಿ, ಎದ್ದು ಮುಂದಿನ ಗಿಡಕ್ಕೆ ಹೋದ. ಯಂತ್ರ ಓಡಿದ ಆ ದಿನಗಳಿಗೆಲ್ಲ ನನ್ನ ರಿಜಿಸ್ಟರೇ ದಾಖಲೆ. ಅದು ಸುಳ್ಳು ಎಂದು ತೋರಿಸುವ ಇನ್ನೊಂದು ಪುಸ್ತಕ ಆ ಕಚೇರಿಯಲ್ಲಿ ಇಲ್ಲ.